ಎಳೆಯ ರಕ್ತವನ್ನು ತಡೆಯುವ ಜೀನ್

“ಹುಟ್ಟಿದಾಗ ಚೆನ್ನಾಗೇ ಇದ್ದ ಮೇಡಂ. ಆರು ತಿಂಗಳಾದ ಮೇಲೆ ಕೈ, ಕಾಲು ಊದ್ಕೊಂಡು ರಾತ್ರಿಯೆಲ್ಲಾ ಅಳೋಕೆ ಶುರು ಮಾಡ್ದ. ನಾವೇನು ತಪ್ಪು ಮಾಡಿದ್ವಿ?” ಹಾಡಿಗಳಿಂದ ಮಗುವನ್ನು ಎತ್ತಿಕೊಂಡು ಬರುವ ತಾಯಂದಿರು ನಮ್ಮ ಲ್ಯಾಬಿನ ಕಿಟಕಿಯ ಬಳಿ ನಿಂತು ಹೀಗೆ ಕೇಳುತ್ತಾರೆ. ತಾಯಿಯದು ಯಾವ ತಪ್ಪೂ ಇಲ್ಲ, ಇದು ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ. ಮೊದಲ ತಿಂಗಳುಗಳಲ್ಲಿ ಮಗು ಚೆನ್ನಾಗಿದ್ದುದೇಕೆ, ಆಮೇಲೆ ನೋವು ಬಂದುದೇಕೆ ಎಂಬ ಪ್ರಶ್ನೆಯ ಜಾಡು ಹಿಡಿದು ಹೊರಟರೆ ಬಿಸಿಎಲ್11ಎ ಎಂಬ ಜೀನ್‌ಗೆ ಬಂದು ಮುಟ್ಟುತ್ತೇವೆ.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದ ರಕ್ತವನ್ನು, ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಕೊಟ್ಟರೆ ಕೆಲವೇ ನಿಮಿಷಗಳಲ್ಲಿ ಏರಿಳಿತದ ಗೆರೆಯೊಂದು ಮೂಡುತ್ತದೆ. ಆರಂಭದಲ್ಲೇ ಏಳುವ ಶಿಖರ ಹಿಮೋಗ್ಲೋಬಿನ್ ಎಫ್, ನಡುವಿನದು ಎ, ಕೊನೆಗೆ ಬರುವುದು ಎಸ್. ಎಫ್ ಎಂದರೆ ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್. ಹುಟ್ಟಿದ ಮಗುವಿನ ರಕ್ತದಲ್ಲಿ ಹೆಚ್ಚಿನ ಪಾಲು ಇದರದ್ದೇ. ತಿಂಗಳುಗಳು ಕಳೆದಂತೆ ಅದು ಇಳಿದು ದೊಡ್ಡವರ ಹಿಮೋಗ್ಲೋಬಿನ್ ಆದ ಎ ಆ ಜಾಗಕ್ಕೆ ಬರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ಸಿಕಲ್ ಸೆಲ್ ಜೀನ್ ಪಡೆದ ಮಗುವಿನಲ್ಲಿ ಮಾತ್ರ ಎ ಬದಲು ಎಸ್ ಬರುತ್ತದೆ. ಆಮ್ಲಜನಕ ಕಡಿಮೆಯಾದಾಗ ಎಸ್‌ನ ಅಣುಗಳು ಒಂದಕ್ಕೊಂದು ಅಂಟಿ ಕಡ್ಡಿಯಂತಾಗುತ್ತವೆ, ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ, ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುತ್ತವೆ. ಎಫ್ ಇರುವಷ್ಟು ದಿನ ಈ ಅಂಟುವಿಕೆಗೆ ಅದು ಅಡ್ಡಿ. ನವಜಾತ ಶಿಶುಗಳಿಗೆ ಎಫ್‌ನಿಂದಲೇ ರಕ್ಷಣೆ ಸಿಗುತ್ತಿರಬೇಕೆಂದು ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್ 1948ರಷ್ಟು ಹಿಂದೆಯೇ ಊಹಿಸಿದ್ದರು.

ಹಾಗಾದರೆ ಎಫ್ ತಯಾರಿಕೆಯನ್ನು ನಿಲ್ಲಿಸುವವರು ಯಾರು? ಜೀನ್‌ಗಳಲ್ಲಿ ಕೆಲವು ಉಳಿದ ಜೀನ್‌ಗಳ ಮೇಲ್ವಿಚಾರಕರು. ಅವುಗಳಿಂದ ತಯಾರಾಗುವ ಪ್ರೋಟೀನ್ ಡಿಎನ್‌ಎಯ ಗೊತ್ತಾದ ಜಾಗಕ್ಕೆ ಅಂಟಿಕೊಂಡು ಅಲ್ಲಿನ ಜೀನ್ ಕೆಲಸ ಮಾಡಬೇಕೋ ಬೇಡವೋ ಎಂದು ನಿರ್ಧರಿಸುತ್ತದೆ. ಇವನ್ನು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಎರಡನೆಯ ಕ್ರೋಮೋಸೋಮಿನಲ್ಲಿರುವ ಬಿಸಿಎಲ್11ಎ ಅಂಥದ್ದೊಂದು. ಎಫ್ ಹೆಚ್ಚಿರುವವರಿಗೂ ಕಡಿಮೆ ಇರುವವರಿಗೂ ಈ ಜೀನ್‌ನಲ್ಲಿ ವ್ಯತ್ಯಾಸ ಇರುವುದು ಮೊದಲು ಗೊತ್ತಾಯಿತು. ಬೋಸ್ಟನ್‌ನಲ್ಲಿ ಸ್ಟುವರ್ಟ್ ಆರ್ಕಿನ್ ಅವರ ಪ್ರಯೋಗಾಲಯದ ವಿಜಯ್ ಶಂಕರನ್ ಮತ್ತು ಸಂಗಡಿಗರು, ಎಫ್ ಅನ್ನು ತಡೆಯುವುದು ಇದೇ ಎಂದು 2008ರಲ್ಲಿ ತೋರಿಸಿಕೊಟ್ಟರು.

ಹಾಗಿದ್ದರೆ ಈ ಜೀನ್ ಅನ್ನೇ ಕಿತ್ತುಹಾಕಬಾರದೇ ಎಂದು ಯಾರಿಗಾದರೂ ಅನಿಸುತ್ತದೆ. ಹಾಗೆ ಮಾಡುವಂತಿಲ್ಲ. ಮೆದುಳಿನ ಬೆಳವಣಿಗೆಗೆ ಅದು ಬೇಕು, ಸೋಂಕಿನ ವಿರುದ್ಧ ಹೋರಾಡುವ ಬಿ ಕಣಗಳಿಗೂ ಬೇಕು. ಹುಟ್ಟಿನಿಂದಲೇ ಈ ಜೀನ್‌ನ ಒಂದು ಪ್ರತಿ ಕೆಟ್ಟಿರುವ ಮಕ್ಕಳಲ್ಲಿ ಎಫ್ ಹೆಚ್ಚಿರುತ್ತದೆ ನಿಜ, ಆದರೆ ಬುದ್ಧಿಯ ಬೆಳವಣಿಗೆ ಕುಂಠಿತವಾಗಿರುತ್ತದೆ. ಇದಕ್ಕೆ ದಾರಿ ಕಂಡದ್ದು 2013ರಲ್ಲಿ. ಡೇನಿಯಲ್ ಬಾವರ್, ಆರ್ಕಿನ್ ಮತ್ತು ಸಂಗಡಿಗರು ಆ ಜೀನ್‌ನೊಳಗೇ, ಕೆಂಪು ರಕ್ತಕಣದ ವಂಶದಲ್ಲಿ ಮಾತ್ರ ಕೆಲಸಕ್ಕೆ ಬರುವ ಪುಟ್ಟ ಪ್ರಚೋದಕ ಭಾಗವೊಂದನ್ನು ಗುರುತಿಸಿದರು. ಒಂದೇ ನಾಲೆಯಿಂದ ಹತ್ತು ಗದ್ದೆಗೆ ನೀರು ಹೋಗುವಾಗ ಒಂದು ಗದ್ದೆಯ ತೂಬನ್ನಷ್ಟೇ ಮುಚ್ಚಿದ ಹಾಗೆ, ಆ ಭಾಗವನ್ನು ಕೆಡಿಸಿದರೆ ರಕ್ತದಲ್ಲಿ ಬಿಸಿಎಲ್11ಎ ತಗ್ಗುತ್ತದೆ, ಮೆದುಳಿನಲ್ಲಿ ಎಂದಿನಂತೆ ಇರುತ್ತದೆ.

ಕ್ಯಾಸ್‌ಗೆವಿ ಎಂಬ ಚಿಕಿತ್ಸೆ ನಿಂತಿರುವುದು ಈ ತಿಳಿವಳಿಕೆಯ ಮೇಲೆ. ರೋಗಿಯದೇ ರಕ್ತದ ಕಾಂಡಕೋಶಗಳನ್ನು ಹೊರತೆಗೆದು, ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಆ ಪ್ರಚೋದಕವನ್ನು ಕತ್ತರಿಸಿ, ಕೀಮೋದಿಂದ ಮಜ್ಜೆಯನ್ನು ಖಾಲಿ ಮಾಡಿ, ತಿದ್ದಿದ ಕೋಶಗಳನ್ನು ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಎಸ್ ಜೀನ್ ಇದ್ದ ಹಾಗೆಯೇ ಇರುತ್ತದೆ, ನಿಂತುಹೋಗಿದ್ದ ಎಫ್ ಮತ್ತೆ ತಯಾರಾಗತೊಡಗುತ್ತದೆ. ಅಮೆರಿಕದ ಮಿಸಿಸಿಪಿಯ ವಿಕ್ಟೋರಿಯಾ ಗ್ರೇ 2019ರಲ್ಲಿ ಇದನ್ನು ಪಡೆದರು. ವರ್ಷವರ್ಷವೂ ಆಸ್ಪತ್ರೆ ಸೇರುತ್ತಿದ್ದ ಅವರು ಆ ನೋವಿನಿಂದ ಬಿಡುಗಡೆ ಕಂಡರು. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟವು. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್.

ಆ ಬೆಲೆ ನಮ್ಮ ಹಾಡಿಗಳ ಯಾರ ಕೈಗೂ ಎಟುಕುವುದಿಲ್ಲ. ಆದರೆ ಎಫ್ ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ನಮ್ಮಲ್ಲೇ ಅಗ್ಗಕ್ಕೆ ಸಿಗುತ್ತದೆ. ವೈದ್ಯರು ಹೇಳಿದಂತೆ ತಪ್ಪದೆ ತೆಗೆದುಕೊಂಡರೆ ನೋವಿನ ಸರದಿಗಳು ಕಡಿಮೆಯಾಗುತ್ತವೆ. ನಡುವೆ ಮಾತ್ರೆ ಬಿಟ್ಟರೆ ಎಫ್ ಮತ್ತೆ ಇಳಿಯುತ್ತದೆ. ಹಾಗಾಗಿ ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ತಿಂಗಳೂ ಖಾಲಿಯಾಗಬಾರದು. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ತಪಾಸಣೆ ನಡೆಯುತ್ತಿದೆ. ದೆಹಲಿಯ ಐಜಿಐಬಿ ಸಂಸ್ಥೆಯ ವಿಜ್ಞಾನಿಗಳು ಸ್ವದೇಶಿ ಕ್ರಿಸ್ಪರ್ ಚಿಕಿತ್ಸೆಗಾಗಿ ಶ್ರಮಿಸುತ್ತಿದ್ದಾರೆ. ಅದು ಕೈಗೆಟುಕುವ ಬೆಲೆಗೆ ಬರುವವರೆಗೆ ಮಕ್ಕಳನ್ನು ಉಳಿಸಿಕೊಳ್ಳುವುದು ನಮ್ಮ ಕೆಲಸ. ಎಫ್ ಇಳಿದು ನೋವು ಶುರುವಾಗುವ ಮುನ್ನ ಕೆಲವು ತಿಂಗಳ ಬಿಡುವು ಪ್ರತಿ ಮಗುವಿಗೂ ಇರುತ್ತದೆ. ಹುಟ್ಟಿದ ವಾರದಲ್ಲೇ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಆ ಬಿಡುವು ವ್ಯರ್ಥವಾಗುವುದಿಲ್ಲ.