ಕ್ಲಬ್‌ಗೆ ಹುಲಿ, ದೇಶಕ್ಕೆ ಇಲಿನಾ?

‘ಕ್ಲಬ್‌ನಾಗ ಹುಲಿ, ದೇಶಕ್ಕ ಬಂದ್ರ ಇಲಿ!’

ಭಾರತ ಫುಟ್‌ಬಾಲ್ ತಂಡ ಸೋತ ರಾತ್ರಿ ನಮ್ಮ ವಾಟ್ಸಾಪ್ ಗ್ರೂಪಿಗೆ ಬರೋ ಮೊದಲ ಮೆಸೇಜ್ ಇದೇ. ಕಳಿಸೋನು ಕಂಪ್ಲಿಯ ಗೆಳೆಯ. ಅಲ್ಲಿಂದ ಶುರುವಾದ ಜಗಳ ಮಧ್ಯರಾತ್ರಿ ದಾಟಿದರೂ ಮುಗಿಯಲ್ಲ.

ಗ್ರೂಪಿನಲ್ಲಿ ಇರೋದು ನಾಲ್ಕೇ ಜನ, ಕಾಲೇಜಿನಲ್ಲಿ ಒಂದೇ ಬೆಂಚಿನವರು. ನಾನು ಹೊಸಪೇಟೆಯಲ್ಲಿ ಬ್ಯಾಂಕ್ ಕೆಲಸದಲ್ಲಿದ್ದೇನೆ. ಕಂಪ್ಲಿಯವನು ಅಪ್ಪನ ಗೊಬ್ಬರದ ಅಂಗಡಿ ನೋಡಿಕೊಳ್ತಾನೆ. ಸಂಡೂರಿನವನು ತೋರಣಗಲ್ಲಿಗೆ ಶಿಫ್ಟ್ ಕೆಲಸಕ್ಕೆ ಹೋಗ್ತಾನೆ. ಹಂಪಿಯವನು ಪ್ರವಾಸಿಗರಿಗೆ ಸ್ಕೂಟರ್, ಸೈಕಲ್ ಬಾಡಿಗೆಗೆ ಕೊಡ್ತಾನೆ. ಊರಲ್ಲಿ ಎಲ್ಲರೂ ಆರ್‌ಸಿಬಿ ಅಂತಿದ್ದರೆ ನಾವು ನಾಲ್ಕು ಜನ ಮಾತ್ರ ‘ಆಫ್‌ಸೈಡ್ ಇತ್ತೋ ಇಲ್ವೋ’ ಅಂತ ಗುದ್ದಾಡುತ್ತೇವೆ.

ನಾಲ್ವರಿಗೂ ಒಂದೊಂದು ಪಕ್ಷ. ಸಂಡೂರಿನವನಿಗೆ ಬೆಂಗಳೂರು ಎಫ್‌ಸಿ ಅಂದರೆ ಮನೆ ತಂಡ. ಕಾರಣವೂ ಇದೆ. ಈ ಕ್ಲಬ್ಬಿನ ಮಾಲೀಕರು ಜೆಎಸ್‌ಡಬ್ಲ್ಯೂನವರು. ತೋರಣಗಲ್ಲಿನ ಪಕ್ಕ ವಿಜಯನಗರದಲ್ಲಿರುವ ಅವರ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ನೀರಜ್ ಚೋಪ್ರಾ ತರಬೇತಿ ಪಡೆದಿದ್ದಾರೆ. ಬಿಎಫ್‌ಸಿ ಹುಡುಗರ ಅಕಾಡೆಮಿಯೂ ಅಲ್ಲೇ ನಡೆದಿದೆ. ‘ನಮ್ಮ ಗಣಿ ಧೂಳು ಕುಡಿದು ಬೆಳೆದ ಟೀಮ್ಲೇ ಅದು’ ಅಂತಾನೆ ಇವನು. ಕಂಪ್ಲಿಯವನು ಎರಡು ವರ್ಷ ಕೊಚ್ಚಿಯಲ್ಲಿದ್ದು ಬಂದವನು, ಹಳದಿ ಜೆರ್ಸಿಯ ಕೇರಳ ಬ್ಲಾಸ್ಟರ್ಸ್ ಭಕ್ತ. ಹಂಪಿಯವನದು ಬರೀ ಮೆಸ್ಸಿ ಜಪ. ಐಎಸ್‌ಎಲ್ ಅವನ ಲೆಕ್ಕಕ್ಕೇ ಇಲ್ಲ.

ನಾನು? ಬಿಎಫ್‌ಸಿ ಸೋತರೆ ಒಂದು ದಿನ ಊಟ ಸೇರಲ್ಲ. ಭಾರತ ಸೋತರೆ ಎರಡು ದಿನ.

ಹಂಪಿ ಎಕ್ಸ್‌ಪ್ರೆಸ್‌ನಿಂದ ಹೈದರಾಬಾದ್ ಬಸ್‌ವರೆಗೆ

ನಮ್ಮ ಜೀವನದ ಒಳ್ಳೇ ರಾತ್ರಿ ಯಾವುದು ಅಂತ ಕೇಳಿದರೆ ನಾಲ್ವರೂ ಒಂದೇ ತಾರೀಖು ಹೇಳ್ತೀವಿ: 2023ರ ಜುಲೈ 4. ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್, ಭಾರತ–ಕುವೈತ್, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಹಿಂದಿನ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿದ್ದೆವು. ಪಂದ್ಯ 1–1 ಆಗಿ ಪೆನಾಲ್ಟಿಗೆ ಹೋಯ್ತು. ಕೊನೆಯ ಹೊಡೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದರು. ಭಾರತ 5–4. ಬಿಎಫ್‌ಸಿಯ ಗೋಲ್‌ಕೀಪರ್, ಬಿಎಫ್‌ಸಿಯದೇ ಮೈದಾನ, ಮೈಮೇಲೆ ಭಾರತದ ಜೆರ್ಸಿ. ಹಂಪಿಯವನು ಗುರುತು ಪರಿಚಯ ಇಲ್ಲದ ಯಾರನ್ನೋ ತಬ್ಬಿಕೊಂಡು ಅತ್ತಿದ್ದ. ಇವತ್ತಿಗೂ ಒಪ್ಪಿಕೊಳ್ಳಲ್ಲ.

ಅದೇ ಹುರುಪಿನಲ್ಲಿ ಮುಂದಿನ ವರ್ಷ ಹೈದರಾಬಾದ್‌ಗೂ ಹೋದೆವು. 2024ರ ನವೆಂಬರ್ 18, ಮಲೇಷ್ಯಾ ವಿರುದ್ಧ ಪಂದ್ಯ. ಸೋಮವಾರ. ಬ್ಯಾಂಕಿಗೆ ರಜೆ ಹಾಕಿ, ರಾತ್ರಿ ಬಸ್ಸಿನಲ್ಲಿ ಸೊಂಟ ನೋಯಿಸಿಕೊಂಡು ಹೋದವರಿಗೆ ಕಂಡಿದ್ದೇನು? 19ನೇ ನಿಮಿಷದಲ್ಲಿ ಎದುರಾಳಿಗಳು ದೂರದಿಂದ ಚೆಂಡು ಎತ್ತಿ ಕಳಿಸಿದರು. ಗುರುಪ್ರೀತ್ ಗೋಲು ಬಿಟ್ಟು ಮುಂದೆ ಓಡಿ ಬಂದರು. ಚೆಂಡು ಸಿಗಲಿಲ್ಲ. ಖಾಲಿ ಗೋಲಿಗೆ ಮಲೇಷ್ಯಾದವನು ಆರಾಮಾಗಿ ತಳ್ಳಿದ. 39ನೇ ನಿಮಿಷದಲ್ಲಿ ರಾಹುಲ್ ಭೆಕೆ ತಲೆ ಕೊಟ್ಟು ಸಮ ಮಾಡಿದರು. 1–1ರಲ್ಲೇ ಮುಗೀತು. 2024ರಲ್ಲಿ ಭಾರತ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. ಆ ವರ್ಷದ ಕೊನೆಯ ಪಂದ್ಯ ಅದೇ.

ವಾಪಸ್ ಬರೋ ಬಸ್ಸಿನಲ್ಲಿ ಕಂಪ್ಲಿಯವನು ಶುರು ಮಾಡಿದ. ‘ಕ್ಲಬ್ ರೊಕ್ಕ ಕೊಡ್ತೈತಿ, ಅದಕ್ಕ ಅಲ್ಲಿ ಜೀವ ಬಿಟ್ಟು ಆಡ್ತಾರ. ದೇಶಕ್ಕ ಬಂದ್ರ ಟೈಂಪಾಸು.’ ಸಂಡೂರಿನವನಿಗೆ ಸಿಟ್ಟು ಬಂತು. ‘ಗೋಲ್ ಹೊಡೆದ ಭೆಕೆನೂ ನಮ್ಮ ಕ್ಲಬ್‌ನವನ ಐದಾನಲ್ಲ, ಅದು ಕಾಣ್ಲಿಲ್ಲೇನು ನಿನಗ?’ ಮುಂದಿನ ಸೀಟಿನ ಅಜ್ಜ ಎದ್ದು ‘ಸುಮ್ನ ಮಕ್ಕೊಳ್ರಪ್ಪ’ ಅಂದ ಮೇಲೆ ಜಗಳ ಫೋನಿನಲ್ಲಿ ಮುಂದುವರಿಯಿತು.

ನನಗೂ ತಲೆ ಕೆಟ್ಟಿತ್ತು. ಯಾವುದೋ ಸ್ಪೋರ್ಟ್ಸ್ ಪೇಜಿನಲ್ಲಿ ಗುರುಪ್ರೀತ್ ಫೋಟೋ ಬಂದಿತ್ತು. ಅದರ ಕೆಳಗೆ ಬರೆದೆ. ಏನು ಬರೆದೆ ಅಂತ ಇಲ್ಲಿ ಹೇಳೋಕಾಗಲ್ಲ, ಇದು ಮನೆಮಂದಿ ಓದೋ ಪತ್ರಿಕೆ. ಬರೆದು, ನಿರಾಳವಾಗಿ ನಿದ್ದೆ ಹೋದೆ.

‘ತಪ್ಪಾದ್ರ ಎಲ್ರಿಗೂ ಕಾಣ್ತೈತಿ’

ಮುಂದಿನ ಭಾನುವಾರ ಸಂಡೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನಿಗೆ ಆಗ 13 ವರ್ಷ. ಸ್ಕೂಲ್ ಟೀಮಿನ ಗೋಲ್‌ಕೀಪರ್. ನಾನು ಹೋದರೆ ಸಾಕು, ಗ್ಲೌಸ್ ಹಾಕಿಕೊಂಡು ‘ಮಾಮಾ, ಶಾಟ್ ಹೊಡಿ ಬಾ’ ಅಂತ ಎಳೆದುಕೊಂಡು ಹೋಗೋನು. ಅವತ್ತು ಬರಲಿಲ್ಲ.

‘ಯಾಕಲೇ?’

‘ನಾನು ಇನ್ ಮ್ಯಾಲ ಬ್ಯಾಕ್ ಆಡ್ತೀನಿ ಮಾಮಾ. ಗೋಲ್‌ಕೀಪರ್ ಬ್ಯಾಡ. ತಪ್ಪಾದ್ರ ಎಲ್ರಿಗೂ ಕಾಣ್ತೈತಿ.’

ಅಕ್ಕ ಅಡುಗೆಮನೆಯಿಂದಲೇ ಹೇಳಿದಳು: ‘ನೀ ಬರ್ದಿದ್ದು ಓದ್ಯಾನ. ನನ್ನ ಫೋನ್‌ನಾಗ. ದೊಡ್ಡಾವ ಆಗೀದಿ, ಬ್ಯಾಂಕಿನಾಗ ಕುಂದರ್ತೀದಿ, ಬಾಯಿ ಮಾತ್ರ ಸಂತಿ ಬಾಯಿ.’

ನಾನು ಮಾತಾಡಲಿಲ್ಲ. ಏನು ಮಾತಾಡೋದು? ಅಲ್ಲೇ ಕೂತು ಆ ಕಾಮೆಂಟ್ ಡಿಲೀಟ್ ಮಾಡಿದೆ.

ಆಮೇಲೆ ಹುಡುಗನ ಪಕ್ಕ ಕೂತು ಆ ಗೋಲಿನ ವಿಡಿಯೋ ಹಾಕಿದೆ. ನಾಲ್ಕು ಸಲ ನೋಡಿದ. ‘ಡಿಫೆಂಡರ್‌ಗಳು ಮುಂದ ಹೋಗ್ಯಾರ ಮಾಮಾ, ಹಿಂದ ಜಾಗ ಖಾಲಿ ಐತಿ. ಕೀಪರ್ ಬರ್ಬೇಕೋ ನಿಲ್ಬೇಕೋ ಅಂತ ಒಂದ್ ಸೆಕೆಂಡ್‌ನಾಗ ಡಿಸೈಡ್ ಮಾಡ್ಬೇಕು. ಬಂದ. ಬಾಲ್ ಸಿಕ್ಕಿದ್ರ ನೀವು ಸೂಪರ್ ಅಂತಿದ್ರಿ.’ ತಪ್ಪಿಲ್ಲ ಅಂತ ಅವನು ಹೇಳಲಿಲ್ಲ. ತಪ್ಪೇ. ಆದರೆ ಹತ್ತು ವರ್ಷ ಪಂದ್ಯ ನೋಡಿದ ನನಗೆ ಕಾಣದ್ದು ಆ ಹುಡುಗನಿಗೆ ಕಂಡಿತ್ತು. ನಾನು ನೋಡಿದ್ದು ಒಬ್ಬ ಮನುಷ್ಯನನ್ನು, ಅವನು ನೋಡಿದ್ದು ಹನ್ನೊಂದು ಜನರನ್ನು.

ಹಾಗಾದರೆ ನಾವು ಇಷ್ಟು ವರ್ಷ ಜಗಳ ಆಡಿದ್ದು ಯಾವುದರ ಬಗ್ಗೆ? ಕ್ಲಬ್‌ನಲ್ಲಿ ಮಿಂಚುವ ಆಟಗಾರ ದೇಶದ ತಂಡದಲ್ಲಿ ಯಾಕೆ ಮಂಕಾಗುತ್ತಾನೆ? ಮನಸ್ಸಿಲ್ಲ, ದುಡ್ಡಿನ ಮದ ಅನ್ನೋದನ್ನ ಪಕ್ಕಕ್ಕಿಟ್ಟು ಮೊದಲ ಸಲ ಲೆಕ್ಕ ಹಾಕಿ ನೋಡಿದೆ.

ಲೆಕ್ಕ ಹೇಳೋದೇ ಬೇರೆ

ಮೊದಲನೆಯದು, ಜಾಗ. ಐಎಸ್‌ಎಲ್‌ನಲ್ಲಿ ಒಂದು ತಂಡ ಒಮ್ಮೆಗೆ ನಾಲ್ವರು ವಿದೇಶಿಯರನ್ನು ಆಡಿಸಬಹುದು. ಕ್ಲಬ್‌ಗಳು ಅವರನ್ನು ಎಲ್ಲಿ ನಿಲ್ಲಿಸುತ್ತವೆ? ಬಹುಪಾಲು ತಂಡದ ನಡುಬೆನ್ನಿನಲ್ಲಿ: ಗೋಲು ಹೊಡೆಯೋ ಸ್ಟ್ರೈಕರ್, ಅವನಿಗೆ ಚೆಂಡು ಕೊಡೋ ಮಿಡ್‌ಫೀಲ್ಡರ್, ಹಿಂದೆ ನಿಂತು ಕಾಯೋ ಡಿಫೆಂಡರ್. ನಮ್ಮ ಹುಡುಗರಿಗೆ ಉಳಿಯೋದು ಹೆಚ್ಚಾಗಿ ಎರಡು ಬದಿ. 2014ರಿಂದ 2024–25ರವರೆಗೆ 11 ಸೀಸನ್‌ಗಳಾದವು. ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಗೋಲ್ಡನ್ ಬೂಟ್ ಒಂದು ಸಲವೂ ಭಾರತೀಯನ ಕೈ ಸೇರಿಲ್ಲ.

ಅಂದರೆ ವರ್ಷಪೂರ್ತಿ ಕ್ಲಬ್‌ನಲ್ಲಿ ಬದಿಯಿಂದ ಓಡಿ, ವಿದೇಶಿ ಸ್ಟ್ರೈಕರ್‌ಗೆ ಚೆಂಡು ಕೊಡೋ ಹುಡುಗನನ್ನು ಕರೆದು ‘ಈಗ ದೇಶಕ್ಕೆ ನೀನೇ ಗೋಲು ಹೊಡಿ’ ಅಂತೀವಿ. ಲೋನ್ ಸೆಕ್ಷನ್‌ನಲ್ಲಿ ಕೂತಿರೋ ನನ್ನನ್ನ ಒಂದು ದಿನಕ್ಕೆ ಕ್ಯಾಷ್ ಕೌಂಟರ್‌ಗೆ ಹಾಕಿದರೆ ಸಂಜೆ ಲೆಕ್ಕ ತಾಳೆಯಾಗಲ್ಲ. ಅದು ನನ್ನ ನಿಯತ್ತಿನ ಪ್ರಶ್ನೆಯಾ?

ಎರಡನೆಯದು, ಸಮಯ. ಕ್ಲಬ್‌ನಲ್ಲಿ ತಿಂಗಳುಗಟ್ಟಲೆ ಅದೇ ಜೊತೆಗಾರರು, ಅದೇ ಕೋಚ್. ದೇಶದ ತಂಡ ಸೇರೋದು ಫಿಫಾ ಗೊತ್ತು ಮಾಡಿದ ಕೆಲವೇ ದಿನಗಳಿಗೆ. ಆ ಹೈದರಾಬಾದ್ ಪಂದ್ಯದ ಹೊತ್ತಿಗೆ ಭಾರತದ ಕೋಚ್ ಮನೋಲೊ ಮಾರ್ಕ್ವೆಜ್ ಅವರೇ ಎಫ್‌ಸಿ ಗೋವಾದ ಕೋಚ್ ಕೂಡ ಆಗಿದ್ದರು. ಕೋಚೇ ಎರಡು ಮನೆ ನಡೆಸುವಾಗ ಆಟಗಾರರ ಹೊಂದಾಣಿಕೆ ಎಲ್ಲಿಂದ ಬರಬೇಕು?

ಮೂರನೆಯದು, ಎದುರಾಳಿ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ನಮಗೆ ಸಿಕ್ಕಿದ್ದು ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ. ಮೂರೂ ಸೋತೆವು, ಒಂದು ಗೋಲೂ ಹೊಡೆಯಲಿಲ್ಲ. ಕ್ಲಬ್ ಪಂದ್ಯದಲ್ಲಿ ಚೆಂಡು ನಿಲ್ಲಿಸಿ, ನೋಡಿ, ಕೊಡೋಕೆ ಸಿಗೋ ಪುರುಸೊತ್ತು ಅಲ್ಲಿ ಇರೋದೇ ಇಲ್ಲ.

ಇದನ್ನೆಲ್ಲ ಗ್ರೂಪಿಗೆ ಹಾಕಿದೆ. ಕಂಪ್ಲಿಯವನು ಬಿಡ್ತಾನಾ? ‘ಹಂಗಾದ್ರ ಚೆಟ್ರಿ ಹೆಂಗ್ ಹೊಡೆದ?’

ಒಳ್ಳೇ ಪ್ರಶ್ನೆ. ಸುನಿಲ್ ಚೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ವಿದಾಯ ಹೇಳಿದಾಗ ಲೆಕ್ಕ 151 ಪಂದ್ಯ, 94 ಗೋಲು. ಸ್ವಾರಸ್ಯ ಏನಂದರೆ, ಬಿಎಫ್‌ಸಿಯಲ್ಲಿ ಮಿಕು ಥರದ ವಿದೇಶಿ ಸ್ಟ್ರೈಕರ್ ಇದ್ದಾಗ ಅವರೂ ಎಡಬದಿಗೆ ಸರಿದು ಆಡಿದವರೇ. ದೇಶಕ್ಕೆ ಬಂದಾಗ ಮಾತ್ರ ನಡುವಿನ ಜಾಗ. ಎರಡನ್ನೂ ನಿಭಾಯಿಸಿದ ಅಪರೂಪದ ಮನುಷ್ಯ. ಆ ಅಪರೂಪವನ್ನೇ ಅಳತೆಗೋಲು ಮಾಡಿಕೊಂಡು ಉಳಿದವರನ್ನೆಲ್ಲ ಇಲಿ ಅಂದುಬಿಟ್ಟೆವು. ಅವರು ಹೋದ ಮೇಲೆ ಆ ಜಾಗ ಎಷ್ಟು ಖಾಲಿ ಹೊಡೆಯಿತು ಅಂದರೆ, 40 ದಾಟಿದ ಅವರನ್ನೇ ಮತ್ತೆ ಕರೆದರು. 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತಮ್ಮ 95ನೇ ಗೋಲು ಹೊಡೆದರು. ಭಾರತ 3–0. ಹದಿನಾರು ತಿಂಗಳ ಮೇಲೆ ಬಂದ ಮೊದಲ ಗೆಲುವು. ಆ ಸೀಸನ್ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರು? ಅವರೇ, 14 ಗೋಲು. ನಾವು ಖುಷಿ ಪಡಬೇಕೋ ಚಿಂತೆ ಮಾಡಬೇಕೋ ತಿಳಿಯಲಿಲ್ಲ.

ಹಂಪಿಯವನ ಒಂದೇ ಮಾತು

ಇಷ್ಟೆಲ್ಲ ನಡೆದರೂ ಸುಮ್ಮನಿದ್ದ ಹಂಪಿಯವನು ಕೊನೆಗೆ ಒಂದು ವಾಯ್ಸ್ ಮೆಸೇಜ್ ಹಾಕಿದ.

‘ಮೆಸ್ಸಿಗೂ ಇದನ್ನ ಅಂದಿದ್ರಲೇ. ಬಾರ್ಸಿಲೋನಾಕ್ಕ ಆಡ್ತಾನ, ಅರ್ಜೆಂಟೀನಾಕ್ಕ ಆಡಂಗಿಲ್ಲ ಅಂತ. 2014ರ ವರ್ಲ್ಡ್ ಕಪ್ ಫೈನಲ್ ಸೋತ್ರು. 2015, 2016 ಕೋಪಾ ಫೈನಲ್ ಸೋತ್ರು. 2016ರಾಗ ಪೆನಾಲ್ಟಿ ಮಿಸ್ ಮಾಡಿ, ಇನ್ ದೇಶಕ್ಕ ಆಡಂಗಿಲ್ಲ ಅಂದುಬಿಟ್ಟ. ಆಮ್ಯಾಲ ವಾಪಸ್ ಬಂದ. 2021ರಾಗ ಕೋಪಾ ಗೆದ್ದ, 2022ರಾಗ ವರ್ಲ್ಡ್ ಕಪ್. ಬೈದೋರೆಲ್ಲ ಎಲ್ಲಿ ಹೋದ್ರು?’

ಅವನ ಜೀವನದಲ್ಲಿ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಯಾರೂ ಉತ್ತರ ಕೊಡಲಿಲ್ಲ.

ಹಾಗಂತ ಆಟಗಾರರನ್ನ ಟೀಕೆ ಮಾಡಲೇಬಾರದು ಅಂತ ನಾನು ಹೇಳ್ತಿಲ್ಲ. ಟಿಕೆಟ್ ತಗೊಂಡಿದ್ದೀವಿ, ರಜೆ ಹಾಕಿದ್ದೀವಿ, ಬೈಯೋ ಹಕ್ಕು ನಮಗಿದೆ. 2018ರಲ್ಲಿ ಖಾಲಿ ಸ್ಟೇಡಿಯಂ ನೋಡಿ ನೊಂದ ಚೆಟ್ರಿಯೇ ವಿಡಿಯೋ ಮಾಡಿ ‘ಬೈಯೋದಾದರೂ ಮೈದಾನಕ್ಕೆ ಬಂದು ಬೈಯಿರಿ’ ಅನ್ನೋ ಅರ್ಥದಲ್ಲಿ ಕೇಳಿಕೊಂಡಿದ್ದರು. ಆದರೆ ‘ಕೀಪರ್ ಬೇಗ ಹೊರಗೆ ಬಂದ’ ಅನ್ನೋದು ಬೇರೆ, ‘ದೇಶದ್ರೋಹಿ’ ಅನ್ನೋದು ಬೇರೆ. ಮೊದಲನೆಯದು ಆಟದ ಮಾತು. ಎರಡನೆಯದು ಆಟ ಗೊತ್ತಿಲ್ಲದವನ ಮಾತು. ನಾನು ಬರೆದಿದ್ದು ಎರಡನೆಯದನ್ನ.

2025ರ ಅಕ್ಟೋಬರ್ 14. ಏಷ್ಯನ್ ಕಪ್ ಅರ್ಹತಾ ಪಂದ್ಯ, ಗೋವಾದ ಮಡಗಾಂವ್‌ನಲ್ಲಿ ಸಿಂಗಪುರ ವಿರುದ್ಧ. ನಾಲ್ವರೂ ನಮ್ಮ ಮನೆಯಲ್ಲಿ ಸೇರಿದ್ದೆವು, ಮಂಡಕ್ಕಿ ಒಗ್ಗರಣೆ, ಮಿರ್ಚಿ ಜೊತೆ. 14ನೇ ನಿಮಿಷದಲ್ಲಿ ಛಾಂಗ್ಟೆ ಗೋಲು ಹೊಡೆದಾಗ ಪಕ್ಕದ ಮನೆಯವರು ಕಿಟಕಿ ತೆಗೆದು ನೋಡಿದರು. ಆಮೇಲೆ ಸಿಂಗಪುರ ಎರಡು ಹೊಡೆಯಿತು. 1–2. ಏಷ್ಯನ್ ಕಪ್ ಕನಸು ಅಲ್ಲಿಗೇ ಮುಗೀತು.

ಕಂಪ್ಲಿಯವನು ಫೋನ್ ಕೈಗೆತ್ತಿಕೊಂಡ. ಅವತ್ತು ಬಂದಿದ್ದ ಅಕ್ಕನ ಮಗ ಅವನನ್ನೇ ನೋಡ್ತಾ ಇದ್ದ. ‘ಅಣ್ಣಾ, ಯಾರಿಗೆ ಬೈತೀರಿ? ಅವರು ಕ್ಲಬ್‌ನಾಗ ಯಾವ ಜಾಗದಾಗ ಆಡ್ತಾರ, ಮೊದಲು ಅದು ಹೇಳ್ರಿ.’ ಅವನಿಗೆ ಗೊತ್ತಿರಲಿಲ್ಲ. ನಮಗೂ ನೆಟ್ಟಗೆ ಗೊತ್ತಿರಲಿಲ್ಲ. ಅವತ್ತಿನಿಂದ ಗ್ರೂಪಿಗೆ ಒಂದು ಕಾನೂನು ಆಗಿದೆ: ಆಟಗಾರನನ್ನ ಬೈಯೋ ಮೊದಲು ಅವನು ಕ್ಲಬ್‌ನಲ್ಲಿ ಏನು ಕೆಲಸ ಮಾಡ್ತಾನೆ ಅಂತ ಹೇಳಬೇಕು. ತಪ್ಪು ಹೇಳಿದರೆ ದಂಡ, ಎಲ್ಲರಿಗೂ ಒಂದೊಂದು ಪ್ಲೇಟ್ ಮಿರ್ಚಿ. ಇಲ್ಲಿಯವರೆಗೆ ಅತಿ ಹೆಚ್ಚು ದಂಡ ಕಟ್ಟಿದವನು ನಾನೇ.

ಅದೇ ನವೆಂಬರ್‌ನಲ್ಲಿ ಬಿಎಫ್‌ಸಿಯ ರಯಾನ್ ವಿಲಿಯಮ್ಸ್ ಹುಟ್ಟಿದ ದೇಶ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ತಗೊಂಡು ಭಾರತ ತಂಡದ ಶಿಬಿರಕ್ಕೆ ಬಂದ ಸುದ್ದಿ ಓದಿದೆವು. ‘ಇವನೂ ಟೈಂಪಾಸಿಗೆ ಬಂದನೇನಲೇ?’ ಅಂತ ಸಂಡೂರಿನವನು ಕೇಳಿದ. ಕಂಪ್ಲಿಯಿಂದ ಒಂದು ನಗುವ ಎಮೋಜಿ ಬಂತು, ಅಷ್ಟೇ.

ಇನ್ನು ನಮ್ಮ ಹುಡುಗನ ಕಥೆ. ಆ ಹೈದರಾಬಾದ್ ಗೋಲಿನ ವಿಡಿಯೋ ಜೊತೆಗೆ ಕಂಠೀರವದ ಪೆನಾಲ್ಟಿಯ ವಿಡಿಯೋವನ್ನೂ ಅವನಿಗೆ ತೋರಿಸಿದ್ದೆ. 2019ರಲ್ಲಿ ಏಷ್ಯಾ ಚಾಂಪಿಯನ್ ಕತಾರ್ ಅನ್ನು ಅವರದೇ ನೆಲದಲ್ಲಿ 0–0ಗೆ ಕಟ್ಟಿಹಾಕಿದ ದಿನ ಗೋಲಿನ ಮುಂದೆ ಗೋಡೆಯಾಗಿ ನಿಂತಿದ್ದೂ ಇದೇ ಗುರುಪ್ರೀತ್ ಅಂತ ಹೇಳಿದ್ದೆ. ಅವತ್ತು ಅವನು ಏನೂ ಅನ್ನಲಿಲ್ಲ. ಒಂದು ತಿಂಗಳು ಬ್ಯಾಕ್ ಆಡಿದ. ಆಮೇಲೆ ಒಂದು ಸಂಜೆ ಫೋನ್ ಮಾಡಿ ‘ಮಾಮಾ, ಗ್ಲೌಸ್ ಸಣ್ಣವಾಗ್ಯಾವ’ ಅಂದ. ಮರುದಿನವೇ ಹೊಸದು ತಗೊಂಡು ಹೋದೆ.

ಮೊನ್ನೆ ಅವನ ಪಂದ್ಯಕ್ಕೆ ಹೋಗಿದ್ದೆ. ಎರಡು ಗೋಲು ಬಿಟ್ಟ. ಎರಡನೆಯದು ಕೈಗೆ ಬಂದ ಚೆಂಡು, ಜಾರಿತು. ಗೆರೆಯ ಪಕ್ಕ ನಿಂತಿದ್ದವರು ಯಾರೋ ಕೂಗಿದರು. ಅವನು ತಿರುಗಿ ನೋಡಿದ್ದು ನನ್ನ ಕಡೆಗೆ.

ಚಪ್ಪಾಳೆ ತಟ್ಟಿದೆ.

ನಿಮ್ಮ ಗ್ರೂಪಿನಲ್ಲೂ ಹಿಂಗೇ ಜಗಳ ನಡೆಯುತ್ತಾ? ಯಾವ ಆಟಗಾರನ ಬಗ್ಗೆ? ಬರೆದು ತಿಳಿಸಿ. ಬೈಯೋದಾದರೆ, ಆಡೋ ಜಾಗ ಹೇಳಿ ಬೈಯಿರಿ.