ಸ್ವಂತ ಉದ್ಯೋಗದ ಪಾಠಶಾಲೆ

ಸಾಲ ಕೊಡುವುದಕ್ಕೆ ಮೊದಲು ಸಾಲ ಕೇಳಲು ಬಂದವರಿಗೆ ಉದ್ಯಮ ನಡೆಸುವುದನ್ನು ಕಲಿಸಬೇಕು ಎಂಬ ವಿಚಾರ 1980ರ ದಶಕದ ಆರಂಭದಲ್ಲಿ ದೇಶದ ಬ್ಯಾಂಕುಗಳಿಗೆ ಹೊಸತಾಗಿತ್ತು. 1969ರ ರಾಷ್ಟ್ರೀಕರಣದ ಬಳಿಕ ಹಳ್ಳಿಗಳಲ್ಲಿ ಶಾಖೆ ತೆರೆದ ಬ್ಯಾಂಕುಗಳು, ಐಆರ್‌ಡಿಪಿ ಎಂದೇ ಹೆಸರಾದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮದ ಅಡಿಯಲ್ಲಿ ಗುರಿ ಮುಟ್ಟಿಸುವ ಅವಸರದಿಂದ ಸಾಲ ಹಂಚುತ್ತಿದ್ದವು. ಎಮ್ಮೆಗೋ ಹೊಲಿಗೆ ಯಂತ್ರಕ್ಕೋ ಪಡೆದ ಹಣ ಮನೆಖರ್ಚಿಗೆ ಕರಗಿ, ಸಾಲ ಮಾತ್ರ ಉಳಿದುಕೊಂಡ ಉದಾಹರಣೆಗಳು ಸಾಕಷ್ಟಿದ್ದವು. ಈ ಹಿನ್ನೆಲೆಯಲ್ಲಿ, ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಅಲ್ಲಿನ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಸೇರಿ 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಉಜಿರೆಯಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆಯನ್ನು ಆರಂಭಿಸಿದವು. ಜನರ ಬಾಯಲ್ಲಿ ‘ರುಡ್‌ಸೆಟ್’ ಆಗಿರುವ ಈ ಸಂಸ್ಥೆ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ, ವಸತಿ ಸಹಿತ ಉಚಿತ ತರಬೇತಿ ಕೊಟ್ಟು, ಆಮೇಲೆ ಬ್ಯಾಂಕಿನ ಬಾಗಿಲವರೆಗೂ ಜತೆಗೆ ಹೋಗುವ ಪದ್ಧತಿಯನ್ನು ರೂಢಿಸಿತು. 2009ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಇದೇ ಮಾದರಿಯನ್ನು ಎತ್ತಿಕೊಂಡು, ಜಿಲ್ಲೆಗೊಂದರಂತೆ ‘ಆರ್‌ಸೆಟಿ’ ಎಂಬ ತರಬೇತಿ ಸಂಸ್ಥೆಗಳನ್ನು ಬ್ಯಾಂಕುಗಳ ಮೂಲಕ ತೆರೆಸಲು ಹೊರಟದ್ದರಿಂದ, ಉಜಿರೆಯ ಪ್ರಯೋಗ ದೇಶದ ಪಠ್ಯಕ್ರಮವೇ ಆಯಿತು.

ಇಲ್ಲಿ ಕಲಿಸುವುದೇನು ಎಂಬ ಪ್ರಶ್ನೆಗೆ ಮೊಬೈಲ್ ದುರಸ್ತಿ, ಮೋಟಾರ್ ರಿವೈಂಡಿಂಗ್, ಹೊಲಿಗೆ, ಹೈನುಗಾರಿಕೆ, ಛಾಯಾಗ್ರಹಣ ಎಂಬ ಪಟ್ಟಿ ಸಿಗುತ್ತದೆಯಾದರೂ, ಕಸುಬಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ತರಬೇತಿಯ ಇನ್ನೊಂದು ಭಾಗ. ಅದರ ಮೂಲ ಹಾರ್ವರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಚಿಂತನೆಯಲ್ಲಿದೆ. ಸಮಾಜದ ಆರ್ಥಿಕ ಏಳಿಗೆಗೆ ಬಂಡವಾಳ, ಯಂತ್ರಗಳಷ್ಟೇ ಮುಖ್ಯವಾದದ್ದು ಜನರ ಮನಸ್ಸಿನಲ್ಲಿರುವ ‘ಸಾಧನಾ ಪ್ರೇರಣೆ’, ಅಂದರೆ ಹೊಗಳಿಕೆಗಾಗಲಿ ಅಧಿಕಾರಕ್ಕಾಗಲಿ ಅಲ್ಲದೆ ಕೆಲಸವನ್ನು ಹಿಂದಿಗಿಂತ ಚೆನ್ನಾಗಿ ಮಾಡಬೇಕೆಂಬ ಹಂಬಲ, ಎಂದು ಅವರು 1961ರ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ವಾದಿಸಿದ್ದರು. ಆ ಹಂಬಲವನ್ನು ವಯಸ್ಕರಲ್ಲಿಯೂ ಬೆಳೆಸಬಹುದೇ ಎಂದು ಪರೀಕ್ಷಿಸಲು ಅವರು ಆರಿಸಿಕೊಂಡದ್ದು ಆಂಧ್ರದ ಕರಾವಳಿಯ ಕಾಕಿನಾಡವನ್ನು. 1964ರಲ್ಲಿ ಅಲ್ಲಿನ ಸಣ್ಣ ವ್ಯಾಪಾರಿಗಳನ್ನೂ ಉದ್ಯಮಿಗಳನ್ನೂ ಹೈದರಾಬಾದಿನ ಸಣ್ಣ ಕೈಗಾರಿಕಾ ತರಬೇತಿ ಸಂಸ್ಥೆಗೆ ಕರೆಸಿ ಅಲ್ಪಾವಧಿಯ ಶಿಬಿರ ನಡೆಸಲಾಯಿತು. ಊರಿಗೆ ಮರಳಿದ ಮೇಲೆ ಅವರು ತರಬೇತಿ ಪಡೆಯದವರಿಗಿಂತ ಹೆಚ್ಚು ಚುರುಕಾಗಿ ಹೊಸ ಬಂಡವಾಳ ಹೂಡಿದ್ದು, ಹೆಚ್ಚು ಜನರಿಗೆ ಕೆಲಸ ಕೊಟ್ಟದ್ದು ಕಂಡುಬಂದಿತು. ದೇಶದ ಉದ್ಯಮಶೀಲತಾ ತರಬೇತಿಗಳೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಈ ಕಾಕಿನಾಡ ಪ್ರಯೋಗದ ಸಂತಾನವೇ.

ಈ ತರಬೇತಿಗಳಲ್ಲಿ ಆಡಿಸುವ ಎರಡು ಆಟಗಳು ಮೇಲ್ನೋಟಕ್ಕೆ ಮಕ್ಕಳಾಟದಂತೆ ಕಂಡರೂ ಅವುಗಳೊಳಗೆ ಸಿದ್ಧಾಂತವಿದೆ. ಮೊದಲನೆಯದು ರಿಂಗ್ ಎಸೆತ: ನೆಲದಲ್ಲಿ ಒಂದು ಗೂಟ ನೆಟ್ಟು, ಅಲ್ಲಿಂದ ಹಿಂದಕ್ಕೆ ಗೆರೆಗಳನ್ನು ಎಳೆದು, ದೂರ ಹೆಚ್ಚಿದಂತೆ ಅಂಕವೂ ಹೆಚ್ಚುವಂತೆ ಇಡಲಾಗುತ್ತದೆ. ಎಲ್ಲಿ ನಿಂತು ಎಸೆಯಬೇಕೆಂಬುದು ಶಿಬಿರಾರ್ಥಿಯ ಆಯ್ಕೆ. ಗೂಟದ ಪಕ್ಕದಲ್ಲೇ ನಿಲ್ಲುವವರು ಸೋಲಿಗೆ ಅಂಜುವವರು, ಕಟ್ಟಕಡೆಯ ಗೆರೆಗೆ ಹೋಗುವವರು ಅದೃಷ್ಟ ನಂಬಿದವರು. ಒಂದೆರಡು ಎಸೆತದಲ್ಲಿ ತಮ್ಮ ಕೈಯ ಅಳತೆ ತಿಳಿದುಕೊಂಡು ನಡುವಣ ಗೆರೆಯೊಂದನ್ನು ಆರಿಸಿ, ಗುರಿ ತಪ್ಪಿದರೆ ಒಂದು ಹೆಜ್ಜೆ ಮುಂದಕ್ಕೂ ತಾಗಿದರೆ ಒಂದು ಹೆಜ್ಜೆ ಹಿಂದಕ್ಕೂ ಸರಿಯುವವರಲ್ಲಿ ಉದ್ಯಮಿಯ ಲಕ್ಷಣವಿದೆ ಎಂಬುದು ಮೆಕ್‌ಕ್ಲೆಲೆಂಡರ ತಿಳಿವಳಿಕೆ. ಎರಡನೆಯದು ಗೋಪುರ ಕಟ್ಟುವ ಆಟ: ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬರು ಎಡಗೈಯಿಂದ ಮರದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಬೇಕು, ಪಕ್ಕದಲ್ಲಿ ತಂದೆ ತಾಯಿಯರ ಪಾತ್ರದಲ್ಲಿ ನಿಂತ ಇಬ್ಬರು ಮಾತಿನಿಂದ ಸೂಚನೆ ಕೊಡಬೇಕು, ಎಷ್ಟು ಬಿಲ್ಲೆ ನಿಲ್ಲಿಸಬಹುದೆಂದು ಮೂವರೂ ಮೊದಲೇ ಅಂದಾಜು ಹೇಳಿರಬೇಕು. ‘ಬೇಡ, ಬೀಳುತ್ತದೆ’ ಎನ್ನುತ್ತಲೇ ಇರುವ ಹಿರಿಯರು ಕಿರಿಯರ ಕೈಯನ್ನು ಹೇಗೆ ನಡುಗಿಸುತ್ತಾರೆ ಎಂಬುದು ಅಲ್ಲಿ ಯಾರೂ ವಿವರಿಸದೆಯೇ ತಿಳಿಯುತ್ತದೆ. ಮನೆಯವರ ಒಪ್ಪಿಗೆಯೇ ದೊಡ್ಡ ಬಂಡವಾಳವಾಗಿರುವ ಸಮಾಜದಲ್ಲಿ ಈ ಎರಡನೆಯ ಆಟವೇ ಮೊದಲನೆಯದಕ್ಕಿಂತ ಹೆಚ್ಚು ಸತ್ಯ ಹೇಳುತ್ತದೆ ಎನ್ನಬಹುದು.

ಆದರೆ ಎಲ್ಲವನ್ನೂ ವ್ಯಕ್ತಿಯ ಮನಸ್ಸಿಗೇ ಒಪ್ಪಿಸುವ ಈ ಸಿದ್ಧಾಂತದಲ್ಲಿ ಒಂದು ಕೊರತೆಯಿದೆ. ಶಿಬಿರಗಳು ಬರುವ ಮುಂಚೆಯೂ ಕರಾವಳಿಯ ಹುಡುಗರು ಉದ್ಯಮಿಗಳಾಗುತ್ತಿದ್ದರು. ಅವರಿಗೆ ಪಾಠಶಾಲೆಯಾದದ್ದು ಮುಂಬಯಿಯ ಉಡುಪಿ ಹೋಟೆಲುಗಳು. ಊರಿನವರೊಬ್ಬರ ಹೋಟೆಲಿನಲ್ಲಿ ಲೋಟ ತೊಳೆಯಲು ಸೇರಿ, ಅಡುಗೆಮನೆಯ ಲೆಕ್ಕ ಕಲಿತು, ಗಲ್ಲಾದ ಮೇಲೆ ಕೂರುವಷ್ಟು ನಂಬಿಕೆ ಗಳಿಸಿ, ಕೊನೆಗೆ ಬಂಧುಬಳಗದ ನೆರವಿನಿಂದ ಸ್ವಂತ ಹೋಟೆಲು ತೆರೆಯುವ ದಾರಿಯಲ್ಲಿ ತರಬೇತಿ, ಬಂಡವಾಳ, ಜಾಮೀನು ಮೂರೂ ಒಂದೇ ಕಡೆ ದೊರೆಯುತ್ತಿದ್ದವು. ದಕ್ಷಿಣ ಕನ್ನಡದ ಹಣ್ಣಿನ ವ್ಯಾಪಾರಿಯೊಬ್ಬರ ಮಗನಾಗಿ ಹುಟ್ಟಿದ ರಘುನಂದನ ಕಾಮತ್ ಅಣ್ಣನ ಹೋಟೆಲಿನಲ್ಲಿ ದುಡಿದು, 1984ರಲ್ಲಿ ಜುಹುವಿನಲ್ಲಿ ‘ನ್ಯಾಚುರಲ್ಸ್’ ಐಸ್‌ಕ್ರೀಮ್ ಅಂಗಡಿ ತೆರೆದದ್ದು ಈ ದಾರಿಯಲ್ಲೇ. ಬರೀ ಐಸ್‌ಕ್ರೀಮಿಗೆ ಗಿರಾಕಿಗಳು ಬರಲಾರರೆಂದು ಅವರು ಮೊದಲು ಜತೆಗೆ ಪಾವ್‌ಭಾಜಿಯನ್ನೂ ಮಾರಿದರು. ಖಾರ ತಿಂದವರು ತಂಪು ಕೇಳುತ್ತಾರೆ ಎಂಬ ಆ ಲೆಕ್ಕಾಚಾರವನ್ನು ಯಾವ ಶಿಬಿರವೂ ಕಲಿಸಿರಲಿಲ್ಲ. ಇಂಥ ಬಂಧುಜಾಲವಿಲ್ಲದ ಜಾತಿ, ಪ್ರದೇಶಗಳ ಯುವಜನರಿಗೆ ಆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ರುಡ್‌ಸೆಟ್‌ನಂಥ ಸಂಸ್ಥೆಗಳ ನಿಜವಾದ ಮಹತ್ತ್ವವನ್ನು ಹುಡುಕಬೇಕಾದದ್ದು ಇಲ್ಲಿ: ಸಾಧನೆಯ ಹಂಬಲವನ್ನು ಅವು ಎಷ್ಟು ಹುಟ್ಟಿಸುತ್ತವೆಯೋ ಹೇಳುವುದು ಕಷ್ಟ, ಚಿಕ್ಕಪ್ಪ ಮಾವಂದಿರು ಮಾಡುತ್ತಿದ್ದ ಪರಿಚಯದ ಕೆಲಸವನ್ನಂತೂ ಮಾಡುತ್ತವೆ.

ಶಿಬಿರದ ಕೊನೆಯ ಹಂತದಲ್ಲಿ ಪೇಟೆಗೆ ಹೋಗಿ ಮಾರುಕಟ್ಟೆ ಸಮೀಕ್ಷೆ ಮಾಡಿಸಿ, ಯೋಜನಾ ವರದಿ ಬರೆಸುವುದು ರೂಢಿ. ಯೋಜನಾ ವರದಿಯೆಂದರೆ ಉದ್ಯಮಕ್ಕೆ ಬೇಕಾದ ಹಣವೆಷ್ಟು, ಅದು ಬರುವುದೆಲ್ಲಿಂದ, ತೀರುವುದು ಹೇಗೆ ಎಂದು ತೋರಿಸುವ ಲೆಕ್ಕಪತ್ರ. ಯಂತ್ರ, ಕಟ್ಟಡಗಳಲ್ಲಿ ಹೂಡಿದ್ದು ಸ್ಥಿರ ಬಂಡವಾಳ. ಕಚ್ಚಾವಸ್ತು, ಕೂಲಿ, ಉದ್ರಿಗಳಲ್ಲಿ ಸುತ್ತುತ್ತಲೇ ಇರಬೇಕಾದದ್ದು ದುಡಿಯುವ ಬಂಡವಾಳ. ಕಲಬುರಗಿಯಲ್ಲಿ ಯುವತಿಯೊಬ್ಬಳು ಯಂತ್ರವಿಟ್ಟು ಖಡಕ್ ಜೋಳದ ರೊಟ್ಟಿ ಮಾಡಿ ಮಾರಲು ಹೊರಟಿದ್ದಾಳೆ ಎಂದು ಊಹಿಸಿಕೊಂಡರೆ ಲೆಕ್ಕ ಹೀಗೆ ಸಾಗುತ್ತದೆ: ರೊಟ್ಟಿಯೊಂದಕ್ಕೆ ಹಿಟ್ಟು, ಗ್ಯಾಸ್, ಕೂಲಿ, ಪ್ಯಾಕೆಟ್ ಸೇರಿ 4 ರೂಪಾಯಿ ಖರ್ಚು ಬಿದ್ದು 6 ರೂಪಾಯಿಗೆ ಮಾರಾಟವಾದರೆ ಉಳಿಯುವುದು 2 ರೂಪಾಯಿ, ರೊಟ್ಟಿ ಮಾಡಲಿ ಬಿಡಲಿ ತೆರಲೇಬೇಕಾದ ಬಾಡಿಗೆ, ಯಂತ್ರದ ಕಂತು ಮೊದಲಾದವು ತಿಂಗಳಿಗೆ 20,000 ರೂಪಾಯಿ ಆದರೆ, 10,000 ರೊಟ್ಟಿ ಮಾರಿದ ಮೇಲಷ್ಟೇ ಲಾಭದ ಮೊದಲ ಕಾಸು ಹುಟ್ಟುತ್ತದೆ. ಲಾಭವೂ ಇಲ್ಲದ ನಷ್ಟವೂ ಇಲ್ಲದ ಈ ಮಟ್ಟವನ್ನು ‘ಬ್ರೇಕ್ ಈವನ್’ ಎನ್ನುತ್ತಾರೆ. ತಿಂಗಳಿಗೆ 25 ದಿನ ಕೆಲಸವೆಂದು ಹಿಡಿದರೆ ದಿನಕ್ಕೆ 400 ರೊಟ್ಟಿ. ಓಣಿಯಲ್ಲಿ, ಸಂತೆಯಲ್ಲಿ, ಖಾನಾವಳಿಗಳಲ್ಲಿ ದಿನವೂ 400 ರೊಟ್ಟಿ ಕೊಳ್ಳುವವರು ಇದ್ದಾರೆಯೇ ಎಂಬ ಪ್ರಶ್ನೆಗೆ ಯಂತ್ರ ಕೊಳ್ಳುವ ಮುಂಚೆಯೇ ಉತ್ತರ ಹುಡುಕಿಸುವುದು ಆ ಪೇಟೆ ಸುತ್ತಾಟದ ಉದ್ದೇಶ.

ಹಣದ ಮೂಲಗಳು ಮೊದಲಿಗಿಂತ ಈಗ ಹೆಚ್ಚಿವೆ ಎಂಬುದು ನಿಜ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿವರೆಗಿನ ಸಾಲಕ್ಕೆ ‘ಶಿಶು’, 5 ಲಕ್ಷದವರೆಗಿನದಕ್ಕೆ ‘ಕಿಶೋರ’, 10 ಲಕ್ಷದವರೆಗಿನದಕ್ಕೆ ‘ತರುಣ’ ಎಂಬ ಹೆಸರುಗಳಿದ್ದು, ಇವಕ್ಕೆ ಆಸ್ತಿಯ ಅಡಮಾನ ಕೇಳುವಂತಿಲ್ಲ. ಖಾದಿ ಗ್ರಾಮೋದ್ಯೋಗ ಆಯೋಗದ ಮೂಲಕ ನಡೆಯುವ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ತಯಾರಿಕಾ ಘಟಕಗಳಿಗೆ 50 ಲಕ್ಷ, ಸೇವಾ ಘಟಕಗಳಿಗೆ 20 ಲಕ್ಷ ರೂಪಾಯಿವರೆಗಿನ ಯೋಜನೆಗಳಿಗೆ ನೆರವು ಸಿಗುತ್ತದೆ. ಅರ್ಜಿದಾರರ ವರ್ಗ ಮತ್ತು ಊರನ್ನು ನೋಡಿಕೊಂಡು ಯೋಜನಾ ವೆಚ್ಚದ ಶೇ. 15ರಿಂದ 35ರವರೆಗೆ ಸಬ್ಸಿಡಿ, ಶೇ. 5 ಅಥವಾ 10ರಷ್ಟು ಸ್ವಂತ ಹಣ, ಉಳಿದದ್ದು ಬ್ಯಾಂಕ್ ಸಾಲ. ಈ ಸಬ್ಸಿಡಿಯ ಬಗ್ಗೆ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅದು ಕೈಗೆ ಬರುವ ಹಣವಲ್ಲ. ಸಾಲಗಾರರ ಹೆಸರಿನಲ್ಲಿ ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿದ್ದು, ಘಟಕ ನಡೆಯುತ್ತಿದೆ ಎಂದು ಖಾತ್ರಿಯಾದ ಬಳಿಕ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿಯ ಆಸೆಯಿಂದಲೇ ಉದ್ಯಮ ಆರಂಭಿಸಿದವರು ಮೊದಲ ವರ್ಷದಲ್ಲೇ ಸೋಲುವುದಕ್ಕೆ ಈ ಒಂದು ಅಂಶವನ್ನು ಸರಿಯಾಗಿ ತಿಳಿಯದಿದ್ದುದೂ ಕಾರಣವಾಗುತ್ತದೆ.

ಉದ್ಯಮದ ಕಠಿಣ ಘಟ್ಟ ಬರುವುದು ಆರಂಭದಲ್ಲಲ್ಲ, ಬೇಡಿಕೆ ಹೆಚ್ಚಿದಾಗ. ರೊಟ್ಟಿಯ ಯುವತಿಗೆ ನಗರದ ದೊಡ್ಡ ಅಂಗಡಿಯೊಂದರಿಂದ ದಿನಕ್ಕೆ 1,000 ರೊಟ್ಟಿಯ ಆರ್ಡರ್ ಬಂದು, ಹಣವನ್ನು 45 ದಿನಗಳ ಬಳಿಕ ಕೊಡುವ ಕರಾರಾಯಿತು ಎಂದಿಟ್ಟುಕೊಳ್ಳೋಣ. ತಿಂಗಳಿಗೆ 25,000 ರೊಟ್ಟಿ, ಬಿಡಿ ಖರ್ಚು ಕಳೆದು ಉಳಿಯುವುದು 50,000, ಸ್ಥಿರ ಖರ್ಚು ಕಳೆದರೆ 30,000 ರೂಪಾಯಿ ಲಾಭ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವ್ಯಾಪಾರವಿಲ್ಲ. ಆದರೆ ಜೋಳದ ಅಂಗಡಿಯವನು ಉದ್ರಿ ಕೊಡದಿದ್ದರೆ, ಕೂಲಿಯವರಿಗೆ ವಾರವಾರ ಕೊಡಲೇಬೇಕಾದರೆ, ತಿಂಗಳಿಗೆ 1,20,000 ರೂಪಾಯಿಯಂತೆ ಒಂದೂವರೆ ತಿಂಗಳಲ್ಲಿ 1,80,000 ರೂಪಾಯಿ ಕೈಯಿಂದ ಹೋಗಿರುತ್ತದೆ, ಬಂದ ಹಣ ಮಾತ್ರ ಸೊನ್ನೆ. ಯಂತ್ರಕ್ಕೆ ಸಾಲ ಕೊಟ್ಟ ಬ್ಯಾಂಕಿಗೆ ಈ 1,80,000 ರೂಪಾಯಿಯ ಕತೆ ಹೇಳಿ ಕ್ಯಾಷ್ ಕ್ರೆಡಿಟ್, ಅಂದರೆ ಮಿತಿಯೊಳಗೆ ಬೇಕಾದಾಗ ಪಡೆದು ಬೇಕಾದಾಗ ತುಂಬುವ ಸಾಲ, ಕೇಳಲು ತಿಳಿಯದವಳು ಮೀಟರ್ ಬಡ್ಡಿಯವರ ಬಳಿಗೆ ಹೋಗುತ್ತಾಳೆ. ಹೊಸ ಉದ್ಯಮಗಳು ನಷ್ಟದಿಂದ ಮುಚ್ಚುತ್ತವೆ ಎಂಬ ಸಾಮಾನ್ಯ ನಂಬಿಕೆಯ ಹಿಂದೆ, ಲಾಭದಲ್ಲಿದ್ದೂ ಕೈಯಲ್ಲಿ ಕಾಸಿಲ್ಲದೆ ಮುಚ್ಚಿದವುಗಳ ಸಂಗತಿ ಮರೆಯಾಗಿಬಿಡುತ್ತದೆ.

ಕಾನೂನು ಈ ಸಂಕಟವನ್ನು ಗುರುತಿಸಿಲ್ಲವೆಂದಲ್ಲ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಕಿರು ಹಾಗೂ ಸಣ್ಣ ಉದ್ಯಮಗಳಿಂದ ಸರಕು ಪಡೆದವರು ಏನೇ ಕರಾರಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಆದಾಯ ತೆರಿಗೆ ಕಾನೂನಿಗೆ ಮಾಡಿದ ತಿದ್ದುಪಡಿಯೊಂದು, ಹೀಗೆ ಬಾಕಿ ಉಳಿಸಿಕೊಂಡ ಹಣವನ್ನು ಪಾವತಿಸುವವರೆಗೆ ಖರ್ಚೆಂದು ತೋರಿಸಲು ಖರೀದಿದಾರರಿಗೆ ಅವಕಾಶವಿಲ್ಲದಂತೆ ಮಾಡಿದೆ. ಈ ರಕ್ಷಣೆ ಬೇಕಾದವರು 2020ರ ಜುಲೈಯಿಂದ ಜಾರಿಯಲ್ಲಿರುವ ‘ಉದ್ಯಮ್’ ಜಾಲತಾಣದಲ್ಲಿ ನೋಂದಾಯಿಸಿಕೊಂಡಿರಬೇಕು, ನೋಂದಣಿ ಉಚಿತ. ಆದರೂ ದೂರು ಕೊಡುವವರು ಕಡಿಮೆ, ಏಕೆಂದರೆ ಬಡ್ಡಿ ಕೇಳಿದ ಮರುದಿನವೇ ಆರ್ಡರ್ ನಿಲ್ಲುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಒಬ್ಬನೇ ಗಿರಾಕಿಯನ್ನು ನಂಬಿದ ಮಾರಾಟಗಾರನಿಗೆ ಕಾನೂನಿನ ಬಲ ಕಾಗದದ ಮೇಲಷ್ಟೇ ಉಳಿಯುವುದರಿಂದ, ದೊಡ್ಡ ಆರ್ಡರ್ ಸಿಕ್ಕ ಮೇಲೂ ನಗದು ಕೊಡುವ ಓಣಿಯ ಗಿರಾಕಿಗಳನ್ನು ಬಿಡದಿರುವುದು ಜಾಣತನ.

ಬೆಂಗಳೂರಿನ ಸ್ಟಾರ್ಟ್‌ಅಪ್‌ಗಳ ಲೋಕ ಇದಕ್ಕಿಂತ ಬೇರೆಯೆಂದು ತೋರಿದರೂ ಮೂಲ ಪ್ರಶ್ನೆ ಒಂದೇ. ಕಿರಣ್ ಮಜುಂದಾರ್ 1978ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, 10,000 ರೂಪಾಯಿ ಬಂಡವಾಳದಿಂದ ಬಾಡಿಗೆಯ ಗ್ಯಾರೇಜಿನಲ್ಲಿ ‘ಬಯೋಕಾನ್’ ಆರಂಭಿಸಿ, ಪಪ್ಪಾಯದಿಂದ ಪಪೇನ್ ಎಂಬ ಕಿಣ್ವ ತೆಗೆಯಲು ಹೊರಟಾಗ, ಜೈವಿಕ ತಂತ್ರಜ್ಞಾನ ಎಂಬುದೇ ಗೊತ್ತಿಲ್ಲದ ಬ್ಯಾಂಕುಗಳು ಅಡಮಾನವಿಲ್ಲದ ತರುಣಿಗೆ ಸಾಲ ಕೊಡಲು ಹಿಂಜರಿದವು. ಈಗ ಅಂಥವರಿಗೆ ಸಾಹಸ ಬಂಡವಾಳವಿದೆ. ಕಂಪನಿಯ ಒಂದು ಪಾಲನ್ನು ಪಡೆದು ಹಣ ಹೂಡುವವರು ಕಂತು ಕೇಳುವುದಿಲ್ಲ, ಬದಲಿಗೆ ಕಂಪನಿ ಹಲವು ಪಟ್ಟು ಬೆಳೆಯಬೇಕೆಂದು ಒತ್ತಾಯಿಸುತ್ತಾರೆ. 2007ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಫ್ಲಿಪ್‌ಕಾರ್ಟ್’ ಆ ದಾರಿ ಹಿಡಿದು 2018ರಲ್ಲಿ ವಾಲ್‌ಮಾರ್ಟ್‌ನ ಹಿಡಿತಕ್ಕೆ ಹೋಯಿತು. 2010ರಲ್ಲಿ ಅದೇ ನಗರದಲ್ಲಿ ಆರಂಭವಾದ ಷೇರು ದಲ್ಲಾಳಿ ಸಂಸ್ಥೆ ‘ಜೆರೋಧಾ’ ಹೊರಗಿನ ಬಂಡವಾಳ ಪಡೆಯದೆ ತನ್ನ ಗಳಿಕೆಯಿಂದಲೇ ಬೆಳೆಯಿತು. ವಿಜಯ ಸಂಕೇಶ್ವರರು 1976ರಲ್ಲಿ ಗದಗದಲ್ಲಿ ಮನೆತನದ ಮುದ್ರಣೋದ್ಯಮ ಬಿಟ್ಟು ಒಂದು ಲಾರಿ ಕೊಂಡು, ಅದನ್ನೇ ಮುಂದೆ ದೇಶದ ದೊಡ್ಡ ಸಾಗಣೆ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಸಿದ್ದೂ ಉಂಟು. ಬೆಳೆಯುವ ವೇಗವನ್ನು ನಿರ್ಧರಿಸುವವರು ಯಾರು ಎಂಬುದನ್ನು ಮೊದಲೇ ಯೋಚಿಸದೆ ಹಣ ಪಡೆದ ತರುಣರು ತಾವು ಕಟ್ಟಿದ ಸಂಸ್ಥೆಯಲ್ಲೇ ಸಂಬಳಗಾರರಾಗಿ ಉಳಿಯುವ ಸಾಧ್ಯತೆಯಿದೆ.

ತರಬೇತಿ ಪಡೆದು ಹೋದವರನ್ನು ರುಡ್‌ಸೆಟ್, ಆರ್‌ಸೆಟಿಗಳು ಎರಡು ವರ್ಷ ಬೆನ್ನಟ್ಟಿ ವಿಚಾರಿಸುತ್ತವೆ. ಅಂಗಡಿಗೆ ಭೇಟಿ ಕೊಡುವುದು, ಸಾಲ ಮಂಜೂರಾಗದಿದ್ದರೆ ಬ್ಯಾಂಕಿನೊಡನೆ ಮಾತಾಡುವುದು ಈ ಕೆಲಸದ ಭಾಗ. ಇದು ಒಳ್ಳೆಯ ಪದ್ಧತಿಯಾದರೂ, ಎರಡನೆಯ ಯಂತ್ರ, ಮನೆಯವರಲ್ಲದ ಮೊದಲ ಕೆಲಸಗಾರ, ಜಿಎಸ್‌ಟಿ ನೋಂದಣಿ ಇವುಗಳ ಪ್ರಶ್ನೆ ಏಳುವುದು ಬಹುಮಟ್ಟಿಗೆ ಆ ಎರಡು ವರ್ಷ ಕಳೆದ ಮೇಲೆ. ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಬೆಳೆಯುತ್ತಿರುವ ಘಟಕಗಳಿಗೆ ಎರಡನೆಯ ಸಾಲದ ಸೌಲಭ್ಯವಿದ್ದು, ತಯಾರಿಕಾ ಘಟಕವಾದರೆ ಒಂದು ಕೋಟಿ ರೂಪಾಯಿವರೆಗಿನ ಯೋಜನೆಗೂ ನೆರವು ಸಿಗಬಹುದು. ಅದಕ್ಕೆ ಮೊದಲ ಸಾಲ ಹೊತ್ತಿಗೆ ಸರಿಯಾಗಿ ತೀರಿರಬೇಕು, ಹಿಂದಿನ ಮೂರು ವರ್ಷ ಲಾಭವಿದ್ದುದಕ್ಕೆ ದಾಖಲೆ ಬೇಕು. ಮನೆಖರ್ಚನ್ನೂ ಅಂಗಡಿಯ ಹಣವನ್ನೂ ಒಂದೇ ಖಾತೆಯಲ್ಲಿಟ್ಟು, ವ್ಯಾಪಾರವನ್ನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಬಂದವರಿಗೆ, ವ್ಯಾಪಾರ ಎಷ್ಟೇ ಚೆನ್ನಾಗಿದ್ದರೂ ಬ್ಯಾಂಕಿನವರು ಕೇಳುವ ಮೂರು ವರ್ಷದ ಲೆಕ್ಕಪತ್ರವನ್ನು ಆ ಹೊತ್ತಿಗೆ ಹುಟ್ಟಿಸಲು ಬರುವುದಿಲ್ಲ.