ಎರಡು ಮರದ ಮಣಿ, ಒಂದು ‘ಹಂದಿಗೂಡು’

ಥಾಣೆಯಲ್ಲೋ ಡೊಂಬಿವಲಿಯಲ್ಲೋ ಯಾವುದಾದರೂ ಶಾಲೆಯ ಸ್ಕೌಟ್ ಮಾಸ್ತರರ ಕೊರಳಲ್ಲಿ, ತೊಗಲಿನ ದಾರಕ್ಕೆ ಪೋಣಿಸಿದ ಎರಡು ಮರದ ಮಣಿ ಕಂಡರೆ ಗಮನಿಸಿ. ಅದು ‘ಹಿಮಾಲಯ ವುಡ್ ಬ್ಯಾಡ್ಜ್’. ಸ್ಕೌಟ್ ಶಿಕ್ಷಕರ ಉನ್ನತ ತರಬೇತಿ ಮುಗಿಸಿದವರ ಗುರುತು. ಈ ತರಬೇತಿಯ ತವರು ಲಂಡನ್ ಹೊರವಲಯದ ಗಿಲ್‌ವೆಲ್ ಪಾರ್ಕ್.

ಪಾಳುಬಿದ್ದಿದ್ದ ಆ ಜಾಗವನ್ನು 1919ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್ಲಾರೆನ್ ಎಂಬ ಉದ್ಯಮಿ 7,000 ಪೌಂಡಿಗೆ ಕೊಂಡು ಸ್ಕೌಟುಗಳಿಗೆ ದಾನವಿತ್ತರು. ಜಾಗವೇನೋ ಸಿಕ್ಕಿತು, ಮುಳ್ಳುಕಂಟಿ ಕಡಿಯುವವರು ಯಾರು? ಅದೇ ಏಪ್ರಿಲ್‌ನ ಈಸ್ಟರ್ ರಜೆಯಲ್ಲಿ ಪೂರ್ವ ಲಂಡನ್ನಿನ ರೋವರ್ ತರುಣರು ಸ್ವಯಂಸೇವಕರಾಗಿ ಬಂದರು. ನೆಲವೆಲ್ಲ ಕೆಸರು, ಡೇರೆ ಹಾಕುವಂತಿರಲಿಲ್ಲ. ತೋಟದ ಮಾಲಿಯ ಹಳೆಯ ಷೆಡ್ಡಿನಲ್ಲೇ ಮಲಗಿದರು. ಅದಕ್ಕೆ ನಗುತ್ತಾ ‘ಹಂದಿಗೂಡು’ ಎಂದು ಹೆಸರಿಟ್ಟರು!

ಇಂಥ ಶ್ರಮದಾನದಿಂದಲೇ ಜುಲೈ 26ರಂದು ಗಿಲ್‌ವೆಲ್ ಉದ್ಘಾಟನೆಯಾಯಿತು. ಸೆಪ್ಟೆಂಬರಿನಲ್ಲಿ ಮೊದಲ ವುಡ್ ಬ್ಯಾಡ್ಜ್ ಶಿಬಿರ ನಡೆಯಿತು. ನಮ್ಮ ದೇಶದಲ್ಲಿ ಈ ತರಬೇತಿಗೆ ಮಧ್ಯಪ್ರದೇಶದ ಪಚ್‌ಮಢಿ ಹೆಸರಾಗಿದೆ.

ಗಿಲ್‌ವೆಲ್‌ನಲ್ಲಿ ಆ ‘ಹಂದಿಗೂಡ’ನ್ನು ಕೆಡವದೆ ಇಂದಿಗೂ ಉಳಿಸಿಕೊಂಡಿದ್ದಾರೆ. ಹಣ ಕೊಟ್ಟು ಜಾಗ ಕೊಳ್ಳಬಹುದು. ಅದು ‘ನಮ್ಮದು’ ಅನ್ನಿಸುವುದು ಬೆವರು ಸುರಿಸಿದ ಮೇಲೆಯೇ ಅಲ್ಲವೆ?